ಜೇಬಿನಲ್ಲಿ ಕಡಲು ದಾಟಿದ ಗಂಟು

ಭಾನುವಾರ, ಮಧ್ಯಾಹ್ನ

ಅಮ್ಮಾ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಜಗಳ ಮುಗಿಸೋಣ. ನನ್ನ ಪರವಾಗಿ ನೀನು ನನ್ನ ಪ್ರಬಂಧದ ಮೇಷ್ಟ್ರ ಹತ್ತಿರ ಕೇಳಿದ ಕ್ಷಮೆಯನ್ನು ನಾನು ವಾಪಸ್ ತೆಗೆದುಕೊಂಡಿದ್ದೇನೆ. ಮಾತಿಗೆ ಹೇಳುತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಅವರ ಮೇಜಿನ ಮೇಲಿದ್ದ ನಿನ್ನ ಪತ್ರವನ್ನು ಅವರ ಕಣ್ಣೆದುರೇ ಮಡಚಿ ನನ್ನ ಚೀಲಕ್ಕೆ ಹಾಕಿಕೊಂಡು ಬಂದೆ.

"ಮಗು ಇನ್ನೂ ಚಿಕ್ಕದು, ತಿಳುವಳಿಕೆ ಸಾಲದು, ದೊಡ್ಡ ಮನಸ್ಸು ಮಾಡಿ" ಅಂತ ಬರೆದಿದ್ದೀಯಲ್ಲ, ಯಾವ ಮಗು ಅಮ್ಮಾ? ವರ್ಷ ವರ್ಷ ಕನ್ನಡಕದ ನಂಬರು ಏರಿಸಿಕೊಂಡು, ಕನ್ನಡಿ ಎದುರು ಬಿಳಿ ಕೂದಲು ಕಿತ್ತು ಕಿತ್ತು ಸೋತು ಕೈಬಿಟ್ಟಿರುವ ಈ ಮಗುವಾ? ಈ ಪರದೇಶದಲ್ಲಿ ನನ್ನ ತರಗತಿಯ ಹುಡುಗಿಯರು ನನ್ನನ್ನು ಆಂಟಿ ಅನ್ನದೇ ಇರುವುದೇ ಅವರ ದೊಡ್ಡ ಮನಸ್ಸು.

ನಿನ್ನೆ ನೀನು ಫೋನ್ ಮಾಡಿದಾಗ "ಪರೀಕ್ಷೆ ಹೇಗಾಯ್ತೇ?" ಅಂದೆ. ನಾನು "ಚೆನ್ನಾಗಾಯ್ತು, ನೀರು ಉಕ್ತಾ ಇದೆ, ಇಡ್ತೀನಿ" ಅಂದೆ. ನೀರೂ ಇರಲಿಲ್ಲ, ಒಲೆಯೂ ಹಚ್ಚಿರಲಿಲ್ಲ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿದರೆ ಎರಡನೇ ನಿಮಿಷಕ್ಕೆ ನೀನು ಅಳುತ್ತೀಯ, ಮೂರನೇ ನಿಮಿಷಕ್ಕೆ ನಾನು ಹೂಂ ಅಂದುಬಿಡುತ್ತೇನೆ. ಈ ಸಲ ಹೂಂ ಅನ್ನಲು ನನಗೆ ಇಷ್ಟವಿಲ್ಲ. ಅದಕ್ಕೇ ಈ ಪತ್ರ. ಕೂತು ಬರೆಯುವ ತಾಳ್ಮೆ ನನಗೆಲ್ಲಿದೆ? ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ತಿರುಗಾಡುತ್ತಾ ಫೋನಿಗೆ ಹೇಳುತ್ತಿದ್ದೇನೆ, ಅದು ಬರೆದುಕೊಳ್ಳುತ್ತಿದೆ. ಮಧ್ಯೆ ಮಧ್ಯೆ ರಟ್ಟಿನ ಪೆಟ್ಟಿಗೆಗಳು ಕಾಲಿಗೆ ತಾಗುತ್ತವೆ. ಪುಸ್ತಕ ಜೋಡಿಸುತ್ತಿದ್ದೇನೆ, ಅಷ್ಟೇ.

ಮೇಷ್ಟ್ರು ನಿನಗೆ ಫೋನ್ ಮಾಡಿ "ನಿಮ್ಮ ಮಗಳು ತನ್ನ ಕಾಲಿನ ಮೇಲೆ ತಾನೇ ಕಲ್ಲು ಎತ್ತಿ ಹಾಕ್ಕೋತಾ ಇದಾಳೆ" ಅಂದರಂತೆ. ಕಲ್ಲು ಯಾವುದು ಅಂತ ಹೇಳಿದರಾ? ಹೇಳಿರುವುದಿಲ್ಲ. ನಾನು ಹೇಳುತ್ತೇನೆ ಕೇಳು.

ನಿನಗೆ ನೆನಪಿದೆಯೋ ಇಲ್ಲವೋ, ಅವರ ಪುಸ್ತಕವನ್ನು ನಾನು ಮೊದಲು ಓದಿದ್ದು ನಿನ್ನ ಆಸ್ಪತ್ರೆಯ ಬೆಂಚಿನ ಮೇಲೆ. ನೀನು ನರ್ಸ್ ಡ್ಯೂಟಿ ಮುಗಿಸಿ ಬರುವವರೆಗೆ ಕಾಯುತ್ತಾ ಕೂತಿರುತ್ತಿದ್ದೆನಲ್ಲ, ಆಗ. ಎರಡೂ ಅಮೆರಿಕ ಖಂಡಗಳಿಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಿಂದ, ಹಡಗಿಗೆ ಹಗ್ಗ ಹೊಸೆಯುವ ಕೆಲಸ ಹುಡುಕಿಕೊಂಡು ಬಡವರು ಹೋದರು. ನಾಲ್ಕು ಬಂದರುಗಳಲ್ಲಿ ನೆಲೆ ನಿಂತರು. ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ, ಬಣ್ಣ ಬೇರೆ, ದೇವರು ಬೇರೆ. ಸುತ್ತಲಿನವರು ಎಲ್ಲರನ್ನೂ ಸೇರಿಸಿ 'ಹಗ್ಗದವರು' ಅನ್ನುತ್ತಿದ್ದರು, ಅದೂ ಬೈಗುಳವಾಗಿ. ಮೇಷ್ಟ್ರು ತಮ್ಮ ಎಳೆಯ ವಯಸ್ಸಿನಲ್ಲಿ ಒಮ್ಮೆ, ಆಮೇಲೆ ಇನ್ನೊಮ್ಮೆ ಆ ನಾಲ್ಕೂ ಬಂದರು ಸುತ್ತಿ ಬಂದು, ಇವರೆಲ್ಲ ಒಂದೇ ಜನಾಂಗ ಅಂತ ಬರೆದರು. ಸಾಕ್ಷಿ ಏನು ಗೊತ್ತಾ? ಬಾಗಿಲ ಮೇಲಿನ ಗಂಟು. ಮೂರು ಎಳೆಯ ಹಗ್ಗ, ಎರಡು ಮಡಿಕೆ, ಒಂದು ತುದಿ ಮಾತ್ರ ಕಟ್ಟದೆ ಜೋತುಬಿಟ್ಟಿರುತ್ತದೆ. ನಾಲ್ಕೂ ಬಂದರುಗಳಲ್ಲಿ, ಮನೆಮನೆಯ ಹೊಸ್ತಿಲ ಮೇಲೆ, ಅದೇ ಗಂಟು. ಎಲ್ಲೋ ಒಂದು ಮೂಲದಲ್ಲಿ ಇವರೆಲ್ಲ ಅಣ್ಣತಮ್ಮಂದಿರಾಗಿದ್ದಿರಬೇಕು ಅಂತ ಮೇಷ್ಟ್ರು ವಾದಿಸಿದರು.

ಆ ಒಂದು ಪುಸ್ತಕದಿಂದಲೇ ಅವರಿಗೆ ವಿಶ್ವವಿದ್ಯಾಲಯದಲ್ಲಿ ಪೀಠ ಬಂತು, ಶಿಷ್ಯರು ಬಂದರು, ಕೋಣೆಗೆ ಎರಡು ಕಿಟಕಿ ಬಂತು. ಅದನ್ನು ಓದಿಯೇ ನಾನೂ ಈ ದಾರಿಗೆ ಬಿದ್ದೆ. ಚಿಕ್ಕಮ್ಮ "ನಮ್ಮವರ ಚರಿತ್ರೆ ಬರ್ಯೋದು ಬಿಟ್ಟು ಯಾರ‍್ದೋ ಮುತ್ತಜ್ಜಿ ಹುಡುಕ್ಕೊಂಡು ಹೊರಟ್ಳಲ್ಲಪ್ಪ" ಅಂತ ಆಡಿಕೊಂಡಾಗ ನೀನು ನನ್ನ ಪರ ನಿಂತೆ. ಅದನ್ನು ಮರೆತಿಲ್ಲ.

ಈಗ ಕಲ್ಲಿನ ವಿಷಯ. ಹೋದ ವರ್ಷ ನಾನು ದಕ್ಷಿಣದ ಬಂದರಿನಲ್ಲಿ ಇದ್ದೆನಲ್ಲ. ಹಗ್ಗದ ಕೊಟ್ಟಿಗೆ ಅಂದರೆ ಒಂದು ಬೀದಿಯಷ್ಟು ಉದ್ದದ, ಅಗಲವೇ ಇಲ್ಲದ ಕಟ್ಟಡ. ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳಲ್ಲಿ ಎಳೆ ಬಿಡುತ್ತಾ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ ಹೊಸೆಯಬೇಕು. ಅವರ ಜೊತೆ ಮಾತಾಡಬೇಕಾದರೆ ನಾವು ಮುಂದಕ್ಕೆ ನಡೆಯಬೇಕು. ಹಾಗೆ ನಡೆಯುತ್ತಾ ಒಬ್ಬ ಹೆಂಗಸನ್ನು ಕೇಳಿದೆ, ಬಾಗಿಲ ಮೇಲೆ ಈ ಗಂಟು ಕಟ್ಟುವುದನ್ನು ನಿಮಗೆ ಕಲಿಸಿದವರು ಯಾರು ಅಂತ. ಅಮ್ಮನೋ ಅಜ್ಜಿಯೋ ಅನ್ನುತ್ತಾಳೆ ಅಂತ ಪೆನ್ನು ಹಿಡಿದು ಕಾಯುತ್ತಿದ್ದೆ. "ಕೋಟಿನವರು" ಅಂದಳು. ಯಾವ ಕೋಟಿನವರು ಅಂದೆ. "ಅದೇ ನಿಮ್ಮ ಥರಾನೇ ಪ್ರಶ್ನೆ ಕೇಳ್ಕೊಂಡು ಬಂದಿದ್ರಲ್ಲ, ಸೆಕೆಗಾಲದಲ್ಲೂ ಕೋಟು ಬಿಚ್ತಾ ಇರ‍್ಲಿಲ್ಲ. ಜೇಬಿಂದ ತೆಗೆದು ತೋರಿಸಿದ್ರು, ನಿಮ್ಮಲ್ಲಿ ಇದಿದೆಯಾ ಅಂತ. ಇರ‍್ಲಿಲ್ಲ. ಚೆನ್ನಾಗಿತ್ತು. ನಮ್ಮಪ್ಪ ಅವರ ಕೈಯಿಂದ ತಗೊಂಡು ಬಿಚ್ಚಿ ನೋಡಿ ಕಲ್ತ್ಕೊಂಡ" ಅಂದಳು.

ಅಮ್ಮಾ, ನನಗೆ ನಡೆಯುವುದೇ ಮರೆತುಹೋಯಿತು. ಅವಳು ಹಿಂದಕ್ಕೆ ಹೋಗುತ್ತಲೇ ಇದ್ದಳು.

ಇದನ್ನು ಬೇರೆ ಯಾರೂ ಮಾಡುವುದಿಲ್ಲ, ನಮ್ಮ ಕಸುಬಿನವರೇ ಮಾಡಬೇಕು. ಒಂದು ಊರಲ್ಲಿ ಸಿಕ್ಕ ವಸ್ತುವನ್ನು ಮಾದರಿಗೆ ಅಂತ ಜೇಬಲ್ಲಿ ಇಟ್ಟುಕೊಂಡು ಇನ್ನೊಂದು ಊರಲ್ಲಿ ತೋರಿಸಿ "ಇದು ಗೊತ್ತಾ?" ಅಂತ ಕೇಳುವುದು. ಉತ್ತರದ ಬಂದರಿನಲ್ಲಿ ಆ ಗಂಟು ಮೊದಲಿನಿಂದಲೂ ಇತ್ತು. ಮೇಷ್ಟ್ರು ಅಲ್ಲಿಂದ ಒಂದನ್ನು ತಂದರು. ದ್ವೀಪದ ಬಂದರು, ನದಿಬಾಯಿಯ ಬಂದರು, ದಕ್ಷಿಣದ ಬಂದರು, ಮೂರೂ ಕಡೆ ತೋರಿಸಿದರು. ತೋರಿಸಿದ್ದು ಯಾರಿಗೆ? ಹಗ್ಗ ಹೊಸೆಯುವವರಿಗೆ! ಗೊತ್ತಿಲ್ಲದ ಗಂಟು ಕಂಡರೆ ಅವರ ಕೈ ಸುಮ್ಮನಿರುತ್ತದಾ? ಮೇಷ್ಟ್ರು ಬೆನ್ನು ತಿರುಗಿಸಿದ ಮೇಲೆ ಎಲ್ಲರೂ ಕಟ್ಟಿ ನೋಡಿದರು, ಬಾಗಿಲಿಗೆ ನೇತುಹಾಕಿದರು. ಎಷ್ಟೋ ವರ್ಷ ಬಿಟ್ಟು ಮೇಷ್ಟ್ರು ಕ್ಯಾಮೆರಾ ಹಿಡಿದುಕೊಂಡು ಮತ್ತೆ ಹೋದರೆ, ಏನಾಶ್ಚರ್ಯ, ಎಲ್ಲಿ ನೋಡಿದರೂ ಅದೇ ಗಂಟು! ದ್ವೀಪದ ಬೀದಿಯಲ್ಲಿ ನಿಂತು ಅತ್ತುಬಿಟ್ಟೆ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಅವರು ಅತ್ತದ್ದು ಸುಳ್ಳಲ್ಲ. ಮೇಷ್ಟ್ರು ಕಳ್ಳರಲ್ಲ ಅಮ್ಮಾ, ಅದನ್ನು ನಾನು ಎಲ್ಲೂ ಹೇಳಿಲ್ಲ. ಮೊದಲ ಸಲ ಹೊರಗಿನವರು ಅಂತ ತಮಗೆ ತೋರಿಸಿರಲಿಲ್ಲ ಅಂದುಕೊಂಡರು, ತಾವೇ ಬಿತ್ತಿ ಹೋದದ್ದು ಅಂತ ಅವರಿಗೆ ಹೊಳೆಯಲೇ ಇಲ್ಲ.

ನಾನು ಒಬ್ಬಳ ಮಾತು ನಂಬಿ ಕುಣಿದೆ ಅಂದುಕೊಳ್ಳಬೇಡ. ಉಳಿದೆರಡು ಬಂದರುಗಳಿಗೂ ಹೋದೆ. ಎರಡೂ ಕಡೆ ಅದೇ ಕೋಟು, ಅದೇ ಜೇಬು. ಮೇಷ್ಟ್ರು ಹೋಗುವ ಮೊದಲು ತೆಗೆದ ಬೀದಿಯ ಫೋಟೋಗಳನ್ನು ಹುಡುಕಿ ನೋಡಿದೆ. ಬಾಗಿಲ ಮೇಲೆ ಒಂದು ಗಂಟೂ ಇಲ್ಲ.

ವಾಪಸ್ ಬಂದು ಅವರಿಗೇ ಮೊದಲು ಹೇಳಿದೆ. ಬೇರೆ ಯಾರಿಗೂ ಅಲ್ಲ, ಅವರಿಗೆ. ಅವರು ಜೋರಾಗಿ ನಕ್ಕರು. ಆಮೇಲೆ ಎದ್ದು ಹೋಗಿ ಒಂದು ಕಿಟಕಿ ಮುಚ್ಚಿದರು, ಇನ್ನೊಂದನ್ನೂ ಮುಚ್ಚಿದರು. "ನಿನ್ನ ಪ್ರಬಂಧದ ಅಡಿಟಿಪ್ಪಣಿಯಲ್ಲಿ ಹಾಕು, ಸಣ್ಣ ಅಕ್ಷರದಲ್ಲಿ" ಅಂದರು. ಎರಡು ದಿನ ಬಿಟ್ಟು ಅಡಿಟಿಪ್ಪಣಿಯೂ ಬೇಡ ಅಂದರು. "ಮುಂದಿನ ವರ್ಷ ನಾನು ನಿವೃತ್ತಿ ಆಗ್ತೀನಿ. ನನ್ನ ಜಾಗಕ್ಕೆ ನಿನ್ನನ್ನ ಬಿಟ್ರೆ ಇನ್ಯಾರಮ್ಮಾ? ಒಂದು ಅಧ್ಯಾಯಕ್ಕೋಸ್ಕರ ಯಾಕೆ ಹಾಳು ಮಾಡ್ಕೋತೀಯ?" ಅಂದರು. ದನಿ ಎಷ್ಟು ಮೆತ್ತಗಿತ್ತು ಅಂದರೆ, ಬೆದರಿಕೆ ಹಾಕಿದರು ಅಂತ ನನಗೆ ಗೊತ್ತಾದದ್ದು ಮೆಟ್ಟಿಲು ಇಳಿದ ಮೇಲೆ.

ಇಷ್ಟು ಹೊತ್ತಿಗೆ ನೀನು "ಅವರು ಹೇಳಿದ್ದರಲ್ಲಿ ತಪ್ಪೇನಿದೆ?" ಅನ್ನುತ್ತಿದ್ದೀಯ. ಗೊತ್ತು. ನಿನಗಿಂತ ಗಟ್ಟಿಯಾಗಿ ಅದನ್ನು ಕೇಳಿದವರು ಇನ್ನೊಬ್ಬರಿದ್ದಾರೆ. ಹಗ್ಗದವರ ಒಕ್ಕೂಟದ ಅಧ್ಯಕ್ಷೆ. ನಾಲ್ಕೂ ಬಂದರಿನವರು ಸೇರಿ ಕಟ್ಟಿಕೊಂಡ ಒಕ್ಕೂಟ ಅದು, ಮೇಷ್ಟ್ರ ಪುಸ್ತಕ ಬಂದ ಮೇಲೆ. ಆ ಪುಸ್ತಕ ತೋರಿಸಿಯೇ ಅವರು ತಮ್ಮದು ಒಂದು ಜನಾಂಗ ಅಂತ ಸರ್ಕಾರಗಳಿಂದ ಮಾನ್ಯತೆ ಪಡೆದದ್ದು. ಮಕ್ಕಳಿಗೆ ಶಾಲೆಯಲ್ಲಿ ಸೀಟು, ಕೊಟ್ಟಿಗೆಗಳನ್ನು ಯಾರೂ ಕೆಡವಬಾರದು ಅಂತ ರಕ್ಷಣೆ, ಎಲ್ಲ ಅದರಿಂದಲೇ. ನಾನು ಹೇಳಿದ್ದನ್ನು ಅಧ್ಯಕ್ಷೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಎದ್ದು ನಿಂತು ಕೂಗಾಡಿದಳು ನೋಡು, ಹೊರಗೆ ಹೋಗುತ್ತಿದ್ದವರು ಒಳಗೆ ಇಣುಕಿದರು. "ಒಬ್ಬ ಮೇಷ್ಟ್ರು ಬಂದ, ನೀವೆಲ್ಲ ಒಂದೇ ಜನ ಅಂದ. ಸರಿ ಸ್ವಾಮಿ ಅಂದ್ವಿ. ಈಗ ನೀನ್ ಬಂದು ಅಲ್ಲ ಅಂತೀಯ. ನಾವೇನು ನಿಮ್ಮ ಮನೆ ಕರಿಹಲಗೆನಾ, ಬರ‍್ಯೋಕೆ ಒರ‍್ಸೋಕೆ? ನಿಮ್ಮಿಬ್ರಿಗೂ ಬೇರೆ ಕೆಲಸ ಇಲ್ವಾ?"

ಬರೆದದ್ದನ್ನೆಲ್ಲ ಕಸದ ಡಬ್ಬಿಗೆ ಹಾಕಿ, ಮೇಷ್ಟ್ರು ಹೇಳಿದ ಹಾಗೆ ಕೇಳಿಬಿಡೋಣ ಅಂತ ಎಷ್ಟೋ ದಿನ ಅನ್ನಿಸಿತು. ನಿನಗೆ ಹೇಳಲಿಲ್ಲ. ಹೇಳಿದ್ದರೆ ನೀನು ತಕ್ಷಣ "ಹಾಗೇ ಮಾಡು" ಅನ್ನುತ್ತಿದ್ದೆ, ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಕೈಬಿಡಲಿಲ್ಲ. ಗಂಟು ಬಂದ ಮೇಲೆ ಏನಾಯಿತು ಅಂತ ಹುಡುಕತೊಡಗಿದೆ. ಅಲ್ಲಿಯವರೆಗೆ ಎಲ್ಲಿಂದ ಬಂತು ಅಂತ ಮಾತ್ರ ನೋಡುತ್ತಿದ್ದೆ, ದಡ್ಡಿ. ಒಂದು ಸಲ ನದಿಬಾಯಿಯ ಬಂದರಿನ ಮಾಲೀಕರು ಕೊಟ್ಟಿಗೆಗಳಿಗೆ ಬೀಗ ಹಾಕಿಬಿಟ್ಟರು. ಅಲ್ಲಿನವರು ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಮಾಲೀಕರು ಕೇರ್ ಮಾಡಲಿಲ್ಲ, ದ್ವೀಪದಿಂದ ಹಗ್ಗ ತರಿಸಿದರಾಯಿತು ಅಂದುಕೊಂಡರು. ದ್ವೀಪದವರು ಕೊಡಲಿಲ್ಲ. ದಕ್ಷಿಣದವರನ್ನು, ಉತ್ತರದವರನ್ನು ಕೇಳಿದರು, ಅವರೂ ಕೊಡಲಿಲ್ಲ. ಮುಖ ನೋಡದವರು, ಮಾತು ತಿಳಿಯದವರು! ಯಾಕೆ ಕೊಡಲಿಲ್ಲ ಅಂತ ನಾನು ಕೇಳಿದಾಗ ದ್ವೀಪದ ಒಬ್ಬ ಮುದುಕ ನನ್ನನ್ನು ಪೆದ್ದಿ ನೋಡುವ ಹಾಗೆ ನೋಡಿ, "ಪುಸ್ತಕದ ಫೋಟೋದಲ್ಲಿ ಅವರ ಬಾಗಿಲ ಮೇಲೂ ನಮ್ಮ ಗಂಟು ಇತ್ತಲ್ಲಮ್ಮ" ಅಂದ. ಹಡಗುಗಳು ಹಗ್ಗವಿಲ್ಲದೆ ನಿಂತವು. ಬೀಗ ತೆಗೆದರು.

ಹಾಗಾದರೆ ಅವರು ಒಂದು ಜನ ಹೌದೋ ಅಲ್ಲವೋ? ನನ್ನ ಕೇಳಿದರೆ ಹೌದು. ಹುಟ್ಟಿನಿಂದ ಅಲ್ಲ, ಆಮೇಲೆ ಆದದ್ದು. ಒಬ್ಬರಿಗೊಬ್ಬರು ನಿಂತು ಆದದ್ದು. ಮೂಲದಲ್ಲೇ ಅಣ್ಣತಮ್ಮಂದಿರಾಗಿದ್ದರೆ ಅದರಲ್ಲೇನು ಹೆಚ್ಚುಗಾರಿಕೆ? ಸ್ವಂತ ಅಣ್ಣತಮ್ಮಂದಿರು ಒಂದು ಗೋಡೆಗೆ ಕೋರ್ಟು ಹತ್ತುವುದನ್ನು ನಮ್ಮ ಮನೆಯಲ್ಲೇ ನೋಡಿಲ್ಲವಾ? ಅಧ್ಯಾಯವನ್ನು ಮತ್ತೆ ಬರೆದೆ. ಜೇಬೂ ಇರಬೇಕು, ಬೀಗವೂ ಇರಬೇಕು, ಒಂದನ್ನು ಬಿಟ್ಟು ಇನ್ನೊಂದಿಲ್ಲ.

ಅದನ್ನು ಮೊದಲು ಅಧ್ಯಕ್ಷೆಗೆ ಕಳಿಸಿದೆ. ಅವಳು ನಾಲ್ಕೂ ಬಂದರಿನವರನ್ನು ಕೂರಿಸಿ ಓದಿಸಿದಳಂತೆ. ಮೂರು ಬಂದರಿನವರು ಬರೆಯಲಿ ಅಂದರು. ನದಿಬಾಯಿಯವರು ಬೇಡ ಅಂದರು, ಸೀಟು ಹೋಗುತ್ತದೆ ಅಂತ ಅವರಿಗೆ ಭಯ. ಅವರು ಬೇಡ ಅಂದದ್ದನ್ನೂ ಅವರ ಮಾತಿನಲ್ಲೇ ಬರೆದು ಸೇರಿಸಿದೆ. ಅಧ್ಯಕ್ಷೆ ಫೋನ್ ಮಾಡಿ "ಇಷ್ಟ ಆಗಿಲ್ಲ ನನಗೆ. ಆದ್ರೂ ಬರಿ. ನಾಳೆ ಯಾರೋ ಆಗದೋರು ಬಂದು ಬರ‍್ಯೋದಕ್ಕಿಂತ ನೀನೇ ಬರಿ. ಏನಾದ್ರೂ ಎಡವಟ್ಟಾದ್ರೆ ಸಾಕ್ಷಿ ಹೇಳೋಕೆ ನೀನೇ ಬರ‍್ಬೇಕು, ತಿಳೀತಾ?" ಅಂದಳು. ಬರುತ್ತೇನೆ ಅಂದೆ. ಸೀಟು ಹೋಗುವುದಿಲ್ಲ ಅಂತ ಮಾತು ಕೊಡುವ ಧೈರ್ಯ ನನಗಿಲ್ಲ, ಅವಳಿಗೂ ಕೊಡಲಿಲ್ಲ, ನಿನಗೂ ಕೊಡುವುದಿಲ್ಲ.

ಈಗ ಶುಕ್ರವಾರಕ್ಕೆ ಬರುತ್ತೇನೆ. ಪರೀಕ್ಷಕರ ಎದುರು ಕೂರುವ ಅರ್ಧ ಗಂಟೆ ಮೊದಲು ಮೇಷ್ಟ್ರು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ನಿನ್ನ ಪತ್ರ. ಆಸ್ಪತ್ರೆಯ ಹಾಳೆ, ನಿನ್ನ ಉರುಟು ಅಕ್ಷರ, ಒಂದು ಕಡೆ ಒದ್ದೆಯಾಗಿ ಶಾಯಿ ಹರಡಿದೆ. "ನಿಮ್ಮ ತಾಯಿ ಅರ್ಥ ಮಾಡ್ಕೊಂಡಿದಾರೆ. ನೀನೂ ಮಾಡ್ಕೋ. ಆ ಅಧ್ಯಾಯ ವಾಪಸ್ ತಗೋತೀನಿ ಅಂತ ಒಂದು ಮಾತು ಹೇಳಿಬಿಡು, ಸಾಕು" ಅಂದರು. ಅಮ್ಮಾ, ಅಷ್ಟು ದಿನ ನನಗೆ ಅವರ ಮೇಲೆ ಸಿಟ್ಟೇ ಬಂದಿರಲಿಲ್ಲ. ನಿನ್ನ ಕೈಬರಹ ಆ ಮೇಜಿನ ಮೇಲೆ ಹಾಗೆ ಬಿದ್ದಿರುವುದನ್ನು ನೋಡಿ ಬಂತು. ನೀನು ನನಗೋಸ್ಕರ ಅಂತ ಬರೆದದ್ದನ್ನು ನನ್ನ ಬಾಯಿಗೆ ಬಟ್ಟೆ ತುರುಕಲು ಇಟ್ಟುಕೊಂಡಿದ್ದರು. ಮಡಚಿದೆ, ಚೀಲಕ್ಕೆ ಹಾಕಿದೆ. "ಇದು ನಮ್ಮಮ್ಮಂದು ಸಾರ್, ನಿಮಗೆ ಸಂಬಂಧ ಇಲ್ಲ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

ಸಭೆಯಲ್ಲಿ ಹೊರಗಿನಿಂದ ಬಂದಿದ್ದ ಪರೀಕ್ಷಕರು ಇಬ್ಬರು, ಮೇಷ್ಟ್ರೊಬ್ಬರು. ಹಿಂದಿನ ಸಾಲುಗಳಲ್ಲಿ ವಿದ್ಯಾರ್ಥಿಗಳು. ನಾನು ಸುತ್ತಿ ಬಳಸಲಿಲ್ಲ, ಮೊದಲ ವಾಕ್ಯದಲ್ಲೇ ಹೇಳಿದೆ: ಈ ಗಂಟನ್ನು ಒಂದು ಬಂದರಿನಿಂದ ಇನ್ನೊಂದಕ್ಕೆ ಒಯ್ದವರು ವಲಸೆಗಾರರಲ್ಲ, ನನ್ನ ಗುರುಗಳು. ಅದರಿಂದ ಒಂದು ಜನಾಂಗ ಹುಟ್ಟಿದೆ, ಅದು ಸುಳ್ಳು ಜನಾಂಗವಲ್ಲ, ಅಂತಲೂ ಹೇಳಿದೆ. ಯಾರೋ ಪೆನ್ನು ಬೀಳಿಸಿದರು, ಯಾರೂ ಎತ್ತಿಕೊಳ್ಳಲಿಲ್ಲ. ಮೇಷ್ಟ್ರು "ನನ್ನ ಜೇಬು ಇತಿಹಾಸದ ವಿಷಯ ಅಲ್ಲ" ಅಂದರು. ಹಿಂದೆ ಒಂದಿಬ್ಬರು ನಕ್ಕರು.

ನಾನು ಹೇಳಿದೆ, "ಜೀವನ ಪೂರ್ತಿ ಬಡವರ ಪೆಟ್ಟಿಗೆ, ಚೀಲ, ಜೇಬು ತಡಕಿ ಇತಿಹಾಸ ಬರೆದವರು ನೀವು ಸಾರ್. ತಡಕೋದು ಹೇಗೆ ಅಂತ ನನಗೆ ಕಲಿಸಿದವರೂ ನೀವೇ. ನಿಮ್ಮದೊಂದು ಜೇಬನ್ನ ಮಾತ್ರ ಯಾಕೆ ಬಿಡಬೇಕು?"

ನಕ್ಕವರು ನಿಲ್ಲಿಸಿದರು.

"ಈ ಹಟ ಎಲ್ಲ ನಿಮ್ಮಪ್ಪನ ಕಡೆಯಿಂದ ಬಂದದ್ದು" ಅಂತ ನೀನು ಯಾವಾಗಲೂ ಹೇಳುತ್ತೀಯಲ್ಲ, ಆ ವಂಶಾವಳಿಯನ್ನು ತಿದ್ದಿಕೋ. ವೃತ್ತಿಯಲ್ಲಿ ಇತಿಹಾಸಕಾರ್ತಿಯಾಗಿ ಹೇಳುತ್ತಿದ್ದೇನೆ. ಅಪ್ಪ ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಹೆದರುವ ಮನುಷ್ಯ. ದೊಡ್ಡ ಡಾಕ್ಟರು ಹೊಟ್ಟೆ ಹೊಲಿಯಲು ಸೂಜಿ ಎತ್ತಿದಾಗ, ಆಪರೇಷನ್ ಥಿಯೇಟರಿನಲ್ಲಿ ಎಲ್ಲರೆದುರು "ಮುಚ್ಬೇಡಿ ಸಾರ್, ಒಳಗೆ ಒಂದು ಬಟ್ಟೆ ಇದೆ" ಅಂದವಳು ಯಾರು? ಇಲ್ಲ ಅಂತ ಅವರು ರೇಗಿದಾಗ ಬಾಗಿಲಿಗೆ ಅಡ್ಡ ನಿಂತವಳು ಯಾರು? ಬಟ್ಟೆ ಸಿಕ್ಕಿತು, ನಿನ್ನನ್ನು ಥಿಯೇಟರಿನಿಂದ ತೆಗೆದು ವಾರ್ಡಿಗೆ ಹಾಕಿದರು. ಕ್ಷಮೆ ಕೇಳಿದರೆ ವಾಪಸ್ ತೆಗೆದುಕೊಳ್ಳುತ್ತೇವೆ ಅಂದರು. ನೀನು ಕೇಳಿದೆಯಾ? ನಿನಗೋಸ್ಕರ ಕೇಳದ ಕ್ಷಮೆಯನ್ನು ನನಗೋಸ್ಕರ ಯಾಕಮ್ಮ ಕೇಳುತ್ತೀಯ? ನಿನಗೆ ನನ್ನ ಮೇಲೆ ಪ್ರೀತಿ ಹೆಚ್ಚೋ, ನಂಬಿಕೆ ಕಡಿಮೆಯೋ, ಗೊತ್ತಾಗುವುದಿಲ್ಲ.

ನಿನ್ನ ಭಯ ನನಗೆ ಗೊತ್ತು. ಪರದೇಶಿ ಹುಡುಗಿ, ಹಿಂದೆ ಮುಂದೆ ಯಾರಿಲ್ಲ, ದೊಡ್ಡವರನ್ನು ಎದುರು ಹಾಕಿಕೊಂಡರೆ ಎಲ್ಲಿ ಹೋಗುತ್ತಾಳೆ ಅಂತ. ಹೌದು, ನಾನು ವಲಸೆ ಬಂದವಳು. ವಲಸೆ ಬಂದವರು ಬಾಯಿ ಮುಚ್ಚಿಕೊಂಡು ಕೃತಜ್ಞರಾಗಿ ಇರಬೇಕು ಅನ್ನುವುದನ್ನು ನಾನು ನೂರಾರು ಜನರ ಬದುಕಿನಲ್ಲಿ ಓದಿದ್ದೇನೆ. ಬಾಯಿ ಮುಚ್ಚಿಕೊಂಡವರಿಗೆ ಆಮೇಲಾದರೂ ಮರ್ಯಾದೆ ಸಿಕ್ಕಿತು ಅಂತ ಎಲ್ಲೂ ಓದಿಲ್ಲ. ಸಿಕ್ಕಿದ್ದರೆ ಹೇಳುತ್ತಿದ್ದೆ.

ಇನ್ನು ಮುಂದೆ ನನ್ನ ಪರವಾಗಿ ಯಾರ ಹತ್ತಿರವೂ ಏನನ್ನೂ ಕೇಳಬೇಡ. ಸೊಂಟದ ನೋವಿಗೆ ಕೊಟ್ಟ ಮಾತ್ರೆ ತಗೋ. ಚಿಕ್ಕಮ್ಮನಿಗೆ ಈ ಪತ್ರ ಓದಿ ಹೇಳಬೇಡ, ಹೇಳಿದರೂ ಗೋಡೆ, ಕೋರ್ಟು ಬಂದ ಕಡೆ ಹಾರಿಸಿಬಿಡು.

ತಪ್ಪು ಮಾಡದೆ ಕ್ಷಮೆ ಕೇಳದ ತಾಯಿಯ,
ಅಂಥದೇ ಮಗಳು

ಮತ್ತೆ: ಮರೆತು ಕೊನೆಗೆ ಬರೆಯುತ್ತಿಲ್ಲ, ಬೇಕಂತಲೇ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಪದವಿ ಸಿಕ್ಕಿದೆ ಅಮ್ಮಾ. ಮೂರೂ ಜನ ಸಹಿ ಹಾಕಿದರು, ಮೊದಲ ಸಹಿ ಮೇಷ್ಟ್ರದು. ಹುದ್ದೆ ಸಿಕ್ಕಿಲ್ಲ. ಅದೇ ಸಂಜೆ ನನ್ನನ್ನು ಕರೆದು ಮುಖ ನೋಡಿಯೇ ಹೇಳಿದರು, "ನೀನು ಹೇಳಿದ್ದು ನಿಜ, ಅದಕ್ಕೆ ಸಹಿ ಹಾಕಿದೆ. ದಿನಾ ನಿನ್ನ ಮುಖ ನೋಡೋ ಶಕ್ತಿ ನನಗಿಲ್ಲ, ಅದಕ್ಕೆ ಕೆಲಸ ಬೇರೆಯವರಿಗೆ ಕೊಟ್ಟೆ." ನನಗೆ ಅವರ ಮೇಲಿನ ಗೌರವ ಪೂರ್ತಿ ಹೋಗಿಲ್ಲ, ಅದೇ ಸಂಕಟ. ಈ ಕೋಣೆ ವಿಶ್ವವಿದ್ಯಾಲಯದ್ದು, ಗುರುವಾರ ಖಾಲಿ ಮಾಡಬೇಕು. ಪೆಟ್ಟಿಗೆಗಳು ಅದಕ್ಕೇ. ನನ್ನ ಪ್ರಬಂಧ ಪುಸ್ತಕವಾಗಿ ಅಚ್ಚಾಗುತ್ತದೆ, ಆ ಅಧ್ಯಾಯದ ಸಮೇತ, ಎಲ್ಲಿಂದ ಅಂತ ಇನ್ನೂ ಗೊತ್ತಿಲ್ಲ. ಹೊಸ ವಿಳಾಸವೂ ಇನ್ನೂ ಇಲ್ಲ, ಸಿಕ್ಕ ಕೂಡಲೇ ಕಳಿಸುತ್ತೇನೆ. ಅಲ್ಲಿಯವರೆಗೆ ಬೈಗುಳವನ್ನೆಲ್ಲ ಕೂಡಿಡು. ಒಂದೂ ಬಿಡದೆ ಕೇಳಿಸಿಕೊಳ್ಳುತ್ತೇನೆ, ಆದರೆ ಹೂಂ ಅನ್ನುವುದಿಲ್ಲ.